ಅತ್ತೆಗೆ ಹತ್ತಲಾಗುವ ಕಾರು

ಸೋದರಿಯರೇ, ಮೈಲೂರಿನ ನಿಮ್ಮ ಮನೆಯಲ್ಲಿ ಫಾರ್ಚೂನರೋ ಕೋಡಿಯಾಕೋ ಎಂದು ಗಂಡಸರು ಚರ್ಚಿಸುವಾಗ ಚಹಾ ಕೊಟ್ಟು ಒಳಗೆ ಹೋಗಬೇಡಿ. ಮಂಡಿನೋವಿನ ಅತ್ತೆಯನ್ನು ಹೈದರಾಬಾದಿನ ಆಸ್ಪತ್ರೆಗೆ ಕರೆದೊಯ್ಯುವವರು ನೀವು ತಾನೇ?

ಫಾರ್ಚೂನರ್ ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ. ಲಾರಿಯಂತೆ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿರುತ್ತಾರೆ. ಔರಾದ್ ಕಡೆಯ ಹೊಲದ ದಾರಿಗೆ ಗಟ್ಟಿ. ಆದರೆ ಹತ್ತುವುದು ಎತ್ತರ, ಕುಲುಕಾಟವೂ ಹೆಚ್ಚು. ಮಾರುವಾಗ ಒಳ್ಳೆಯ ಬೆಲೆ ಬರುತ್ತದೆ, ನಿಜ.

2025ರಲ್ಲಿ ಬಂದ ಹೊಸ ಕೋಡಿಯಾಕ್‌ನಲ್ಲಿ ಚೌಕಟ್ಟು, ಬಾಡಿ ಒಂದೇ. ಹತ್ತಲು ಸುಲಭ, ಪ್ರಯಾಣ ಮೆತ್ತಗೆ, 9 ಏರ್‌ಬ್ಯಾಗ್. ಆದರೆ ಪೆಟ್ರೋಲ್ ಮಾತ್ರ, ಹಿಂದಿನ ಸಾಲು ಮಕ್ಕಳಿಗಷ್ಟೇ.

2025ರ ಸೆಪ್ಟೆಂಬರ್‌ನಲ್ಲಿ ಇಂಥ ಗಾಡಿಗಳ ತೆರಿಗೆ ಸೆಸ್ ಸೇರಿ ಇದ್ದ ಶೇ. 50ರಿಂದ ಶೇ. 40ಕ್ಕೆ ಇಳಿಯಿತು. ಹಿಗ್ಗಬೇಡಿ, ಬೆಲೆ ಇನ್ನೂ 30 ಲಕ್ಷದ ಮೇಲೆಯೇ! ಶೋರೂಮಿಗೆ ಅತ್ತೆಯನ್ನೂ ಕರೆದೊಯ್ದು ಹತ್ತಿಸಿ, ಇಳಿಸಿ ನೋಡಿ. ನಾನಾದರೆ ಕೋಡಿಯಾಕ್ ಅನ್ನುವೆ. ಚೌಬಾರದ ಗಲ್ಲಿಗಳಲ್ಲಿ ಎರಡನ್ನೂ ತಿರುಗಿಸುವುದು ಕಷ್ಟವೇ ಬಿಡಿ.