ಹೊರೆ ಯಾವುದು, ಮಗಳು ಯಾರು?



ಕಳೆದ ಶ್ರಾವಣದಲ್ಲಿ ಶ್ರೀಮಠಕ್ಕೆ ಬಂದ ರೈತನೊಬ್ಬ ಗದ್ದುಗೆಗೆ ನಮಸ್ಕರಿಸಿ ನಮ್ಮೆದುರು ಕೈಮುಗಿದು ನಿಂತ. "ಅಜ್ಜಾರ, ತಲಿಮ್ಯಾಲ ಒಂದು ಹೊರಿ ಐತ್ರಿ. ಈ ವರ್ಷ ಇಳಿಸಿಬಿಟ್ರ ನಿಶ್ಚಿಂತಿ. ಮುಹೂರ್ತ ನೋಡಿ ಕೊಡ್ರಿ" ಎಂದ. ಸಾಲದ ಮಾತಿರಬೇಕೆಂದು ನಾವು ಭಾವಿಸಿದೆವು. ಅವನು ಹೇಳಿದ್ದು ಮಗಳ ವಿಷಯ. ಆಕೆಗೆ 16 ವರ್ಷ, ಪಿಯುಸಿ ಮೊದಲನೆಯ ವರ್ಷ. ಕಂಬಕ್ಕೆ ಒರಗಿ ನಿಂತಿದ್ದ ಆ ಮಗು ತಂದೆಯ ಮಾತು ಕೇಳಿಯೂ ತಲೆ ಎತ್ತಲಿಲ್ಲ. ಆ ಮಾತು ಆಕೆಗೆ ಹೊಸದಾಗಿರಲಿಲ್ಲ.

ಈ ತಂದೆ ಕೆಟ್ಟವನಲ್ಲ. ಮಗಳಿಗೆ ಜ್ವರ ಬಂದರೆ ರಾತ್ರಿಯೆಲ್ಲ ಎದ್ದು ಕೂರುವವನು. ಆದರೆ ಹಿರಿಯರಿಂದ ಬಂದ ಒಂದು ಶಬ್ದ ಅವನ ಬುದ್ಧಿಯನ್ನು ಹಿಡಿದು ನಡೆಸುತ್ತಿತ್ತು.

ನಮ್ಮ ದಿನದ ಮಾತೆಲ್ಲ ಹೋಲಿಕೆಗಳಿಂದಲೇ ತುಂಬಿದೆ. ಹೊತ್ತು ಹೋಯಿತು ಎನ್ನುತ್ತೇವೆ, ಹೊತ್ತಿಗೆ ಕಾಲಿಲ್ಲ. ಮನಸ್ಸು ಒಡೆಯಿತು ಎನ್ನುತ್ತೇವೆ, ಮನಸ್ಸು ಮಡಕೆಯಲ್ಲ. ಅಮೆರಿಕದ ವಿದ್ವಾಂಸರಾದ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ವಿವರಿಸಿದ್ದಾರೆ. ರೂಪಕವು ಕವಿಗಳ ಅಲಂಕಾರ ಮಾತ್ರವಲ್ಲ, ಸಾಮಾನ್ಯರ ಆಲೋಚನೆಯೂ ಅದರ ಅಚ್ಚಿನಲ್ಲೇ ಮೂಡುತ್ತದೆ. ಚರ್ಚೆಯನ್ನು ಯುದ್ಧವೆಂದು ತಿಳಿದವನು ಗೆಲ್ಲುವುದನ್ನೇ ನೋಡುತ್ತಾನೆ. ಎದುರಿನವನ ಮಾತಿನಲ್ಲಿರುವ ಸತ್ಯ ಅವನಿಗೆ ಕಾಣದು.

12ನೆಯ ಶತಮಾನದ ಶರಣರು ಈ ಮರ್ಮವನ್ನು ಬಲ್ಲವರಾಗಿದ್ದರು. ಅಂಬಿಗರ ಚೌಡಯ್ಯ ದೋಣಿಯ ಮಾತಿನಲ್ಲಿ ಸಂಸಾರ ದಾಟುವ ಬಗೆ ತಿಳಿಸಿದ. ಬಸವಣ್ಣನವರು ದೇಹವನ್ನೇ ದೇಗುಲವೆಂದು ಕಂಡರು. ಆ ಒಂದು ಹೋಲಿಕೆಯಿಂದ, ಗುಡಿ ಕಟ್ಟಿಸಲಾರದ ಬಡವನೂ ತಾನು ಕಡಿಮೆಯವನಲ್ಲವೆಂದು ಅರಿತ.

ಈಗ ಹೊರೆ ಎಂಬ ಶಬ್ದವನ್ನು ನೋಡೋಣ. ಹೊರೆ ಹೊತ್ತವನು ಏನು ಮಾಡುತ್ತಾನೆ? ಎಲ್ಲಿ ಇಳಿಸಲಿ ಎಂದು ಜಾಗ ಹುಡುಕುತ್ತಾನೆ. ಬೇಗ ಇಳಿದಷ್ಟೂ ಹಗುರ. ಹೊರೆಯನ್ನು ಯಾರೂ ಓದಿಸುವುದಿಲ್ಲ; ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದಿಲ್ಲ. ಮಗಳನ್ನು ಹೊರೆ ಎಂದ ದಿನವೇ ಮುಂದಿನ ದಾರಿಯೆಲ್ಲ ನಿಶ್ಚಯವಾಗಿಬಿಡುತ್ತದೆ.

ನಾವು ಕೇಳಿದೆವು: "ತಮ್ಮಾ, ಮೆಣಸಿನ ಸಸಿಯನ್ನ ಮಡಿಯಿಂದ ಯಾವಾಗ ಕೀಳ್ತೀ?"

"ಐದಾರು ವಾರ ಆಗಬೇಕ್ರಿ. ಎಳೇದು ಕಿತ್ರ ಹೊಲದಾಗ ಬೇರು ಹಿಡಿಯಂಗಿಲ್ರಿ."

"ಸಸಿಗೆ ತೋರಿಸೋ ತಾಳ್ಮೆ ಮಗಳಿಗೆ ಬೇಡವೇನು?"

ಅವನು ಸುಮ್ಮನಾದ. ಆಮೇಲೆ ತಲೆ ಎತ್ತಿ, "ಮಾತು ಬದಲು ಮಾಡಿದ್ರ ಖರ್ಚು ತೀರತೈತೇನ್ರೀ ಅಜ್ಜಾರ?" ಎಂದ. ನ್ಯಾಯವಾದ ಪ್ರಶ್ನೆ. ತೀರುವುದಿಲ್ಲ. ಆದರೆ ನಾವು ಮತ್ತೆ ಕೇಳಿದೆವು, ಭಾರವಾಗಿರುವುದು ಮಗಳೋ, ಮದುವೆಯೋ? ಲೆಕ್ಕ ಹಾಕಿಸಿದೆವು. ಆಕೆಯ ಊಟ, ಬಟ್ಟೆ, ಕಾಲೇಜಿನ ಖರ್ಚು ಅವನನ್ನು ಬಾಗಿಸಿರಲಿಲ್ಲ. ವರದಕ್ಷಿಣೆ, ಬಂಗಾರ, ಊರೂಟ, ಅದಕ್ಕೆ ತೆಗೆಯಬೇಕಾದ ಸಾಲ, ಹೊರೆ ಅಲ್ಲಿತ್ತು. ಅದನ್ನು ಹೊರಿಸಿದವರು ನಾವೆಲ್ಲ. ಹೆಸರು ಮಾತ್ರ ಮಗುವಿಗೆ ಬಂದಿತು.

ಸಸಿಯ ಹೋಲಿಕೆಗೂ ಮಿತಿಯುಂಟು. ಸಸಿ ಬಾಯಿ ತೆರೆದು ಹೇಳಲಾರದು, ಮಗಳು ಹೇಳಬಲ್ಲಳು. ನಾವು ಆಕೆಯನ್ನೇ ಕೇಳಿದೆವು. "ಓದ್ತೀನ್ರಿ" ಎಂದಳು, ಅಷ್ಟೇ.

18 ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವುದನ್ನು 2006ರ ಕಾನೂನು ನಿಷೇಧಿಸಿದೆ. ಮಗಳನ್ನು ಪರರ ಸೊತ್ತು ಎನ್ನುವ ಮಾತೂ ನಮ್ಮಲ್ಲಿದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಆಕೆಯನ್ನು ಮಗನಿಗೆ ಸಮನಾದ ಹಕ್ಕುದಾರಳೆಂದು ಹೇಳಿದೆ. ಕಾನೂನು ಬದಲಾಗಿದೆ, ಜಗಲಿಯ ಮೇಲಿನ ಮಾತು ಬದಲಾಗಿಲ್ಲ. ಅಕ್ಕಮಹಾದೇವಿಯಂಥ ಶರಣೆಯನ್ನು ಕಂಡ ನಾಡಿನವರಿಗೆ ಇದು ಶೋಭೆಯಲ್ಲ.

ಆ ತಂದೆ ಮುಹೂರ್ತ ಕೇಳದೆ ಹೊರಟ. ಬಾಗಿಲ ಬಳಿ ಮಗಳ ಕೈಚೀಲವನ್ನು ತಾನೇ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ.

ಹಿರಿಯರೇ, ಇಂದು ಮನೆಗೆ ಹೋಗಿ ಮಾತನಾಡುವಾಗ ಕಿವಿಗೊಟ್ಟು ಕೇಳಿರಿ. ನಿಮ್ಮ ಬಾಯಲ್ಲಿ ಮಕ್ಕಳಿಗೆ ಯಾವ ಹೆಸರಿದೆ? ಅದರಂತೆಯೇ ಅವರನ್ನು ಕಾಣುತ್ತೀರಿ. ನುಡಿ ಶುದ್ಧವಾಗಲಿ, ನಡೆಯೂ ಅದರ ಹಿಂದೆ ಬರಲಿ. ಸರ್ವರಿಗೂ ಶುಭವಾಗಲಿ.