ತೊಳೆದ ಕಾಲನ್ನೇ ಮತ್ತೆ ತೊಳೆದಾಗ

ಪವಿತ್ರ ಗುರುವಾರದ ಸಂಜೆ ಕಥೋಲಿಕ ಚರ್ಚಿನ ಪೀಠದ ಹತ್ತಿರ ಹನ್ನೆರಡು ಕುರ್ಚಿಗಳ ಸಾಲು. ಪಾದ್ರಿಗಳು ಮೇಲುಡುಪು ತೆಗೆದಿಟ್ಟು, ಸೊಂಟಕ್ಕೆ ಬಿಳಿ ವಸ್ತ್ರ ಸುತ್ತಿಕೊಂಡು, ಮಂಡಿಯೂರಿ ಒಬ್ಬೊಬ್ಬರ ಪಾದಕ್ಕೂ ನೀರು ಹೊಯ್ದು ಒರೆಸುತ್ತಾರೆ. ಮಂಗಳೂರಾಗಲಿ, ಬೆಂಗಳೂರಾಗಲಿ, ರೋಮ್ ಆಗಲಿ, ವಿಧಿ ಇದೇ. ಆದರೆ ಅಲ್ಲಿ ಕೂರಲು ಹೆಸರು ಬಂದವರು ಮಧ್ಯಾಹ್ನವೇ ಬಚ್ಚಲಲ್ಲಿ ಹಿಮ್ಮಡಿ ತಿಕ್ಕಿ, ಉಗುರು ಕತ್ತರಿಸಿಕೊಂಡು ಬಂದಿರುತ್ತಾರೆ. ಕೊಳೆಗಾಲನ್ನು ಪಾದ್ರಿಗಳ ಮುಂದೆ ಚಾಚುವುದಾದರೂ ಹೇಗೆ?

ಈ ಸಂಕೋಚಕ್ಕೆ ಎರಡು ಸಾವಿರ ವರ್ಷ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಊಟದ ನಡುವೆ ಎದ್ದು ಶಿಷ್ಯರ ಕಾಲು ತೊಳೆಯಲು ಹೊರಟಾಗ ಪೇತ್ರ ಮೊದಲು ಒಪ್ಪುವುದೇ ಇಲ್ಲ. ಧೂಳಿನ ದಾರಿ ತುಳಿದು ಬಂದವರ ಕಾಲು ತೊಳೆಯುವುದು ಅಂದು ಆಳುಗಳ ಕೆಲಸ. ಗುರು ಆ ಕೆಲಸಕ್ಕಿಳಿದರೆ ಶಿಷ್ಯನ ಮುಖ ಕೆಂಪಾಗದೆ ಇರುತ್ತದೆಯೇ? ಮರೆಯಬಾರದ ಇನ್ನೊಂದು ಸಂಗತಿಯಿದೆ: ಆಗಿನ್ನೂ ಯೂದ ಎದ್ದು ಹೋಗಿರಲಿಲ್ಲ. ಹಿಡಿದುಕೊಡಲಿದ್ದವನ ಕಾಲೂ ಆ ಸಾಲಿನಲ್ಲಿತ್ತು.

ಅದೇ ಯೇಸು ಕಟುವಾಗಿ ಬೈದದ್ದು ಕಳ್ಳರನ್ನಲ್ಲ, ಭಕ್ತಿಯ ವೇಷ ತೊಟ್ಟವರನ್ನು. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಅವರಿಗಿರುವ ಹೆಸರು ‘ಹಿಪೊಕ್ರಿತೆಸ್’. ರಂಗದ ಮೇಲೆ ಮುಖವಾಡ ಹಾಕಿ ಆಡುವ ನಟ ಎಂದು ಆ ಮಾತಿನ ಅರ್ಥ. ಕನ್ನಡ ಬೈಬಲ್ ಇದನ್ನು ‘ಕಪಟಿ’ ಎನ್ನುತ್ತದೆ. ನಮ್ಮ ಆಡುಮಾತಿನ ‘ಸೋಗಲಾಡಿ’ ಇನ್ನೂ ಹತ್ತಿರದ್ದು. ಸೋಗು ಎಂದರೆ ವೇಷವೇ ತಾನೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಬರುವ ಕಟ್ಟುನಿಟ್ಟಿನ ಧರ್ಮನಿಷ್ಠ ಫರಿಸಾಯ ಮಾತ್ರ ಒಂದು ಸುಳ್ಳನ್ನೂ ಹೇಳುವುದಿಲ್ಲ. ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ದಾನ, ಎಲ್ಲವೂ ನಿಜ. ಆ ಪಟ್ಟಿಯನ್ನು ದೇವರಿಗೇ ಓದಿ ಹೇಳಿದ್ದು, ದೂರದಲ್ಲಿ ನಿಂತಿದ್ದ ಸುಂಕದವನನ್ನು ತೋರಿಸಿ ತಾನು ಇವನಂತಲ್ಲ ಎಂದದ್ದು ಅವನ ತಪ್ಪು.

ಸೋಗು ಹೇಗೆ ವಿಧಿಯೊಳಕ್ಕೆ ನುಸುಳುತ್ತದೆ ಎಂದು ನೋಡಬೇಕಾದರೆ 1570ರ ದಶಕದ ಇಂಗ್ಲೆಂಡಿಗೆ ಹೋಗಬೇಕು. ಪವಿತ್ರ ಗುರುವಾರದಂದು ಗ್ರೀನಿಚ್ ಅರಮನೆಯಲ್ಲಿ ಮೊದಲನೇ ಎಲಿಜಬೆತ್ ರಾಣಿ 39 ಬಡ ಹೆಂಗಸರ ಪಾದ ತೊಳೆದಳು. ಆಗ ಅವಳಿಗೆ 39 ವರ್ಷ, ಅದಕ್ಕೇ ಆ ಲೆಕ್ಕ. ಆದರೆ ರಾಣಿ ಬರುವ ಮೊದಲೇ ಅರಮನೆಯ ಅಗಸಗಿತ್ತಿ ಬೆಳ್ಳಿಯ ಬೋಗುಣಿಯಲ್ಲಿ ಬಿಸಿನೀರು, ಹೂವು ಹಾಕಿ ಆ ಕಾಲುಗಳನ್ನೆಲ್ಲ ತೊಳೆದಿದ್ದಳು. ಆಮೇಲೆ ದಾನಾಧಿಕಾರಿಯ ಸಹಾಯಕ, ಆಮೇಲೆ ದಾನಾಧಿಕಾರಿ, ಕೊನೆಗೆ ರಾಣಿ. ನಿಜವಾಗಿ ಕಾಲು ತೊಳೆದವಳು ಆ ಅಗಸಗಿತ್ತಿ ಒಬ್ಬಳೇ ಅನ್ನದೆ ವಿಧಿಯಿಲ್ಲ. ಎರಡನೇ ಜೇಮ್ಸ್‌ನ ನಂತರ ಇಂಗ್ಲೆಂಡಿನ ದೊರೆಗಳು ತೊಳೆಯುವುದನ್ನೇ ಬಿಟ್ಟರು. ಆ ದಿನದ ದಾನದಲ್ಲಿ ನಾಣ್ಯ ಹಂಚುವುದಷ್ಟೇ ಕೊನೆಗೆ ಉಳಿಯಿತು. 2023ರಲ್ಲಿ ಚಾರ್ಲ್ಸ್ ದೊರೆ ಯಾರ್ಕ್‌ನಲ್ಲಿ 74 ಗಂಡಸರಿಗೆ, 74 ಹೆಂಗಸರಿಗೆ ಕೊಟ್ಟದ್ದು ಅದನ್ನೇ.

ಪೋಪ್ ಫ್ರಾನ್ಸಿಸ್ ಬೋಗುಣಿಯನ್ನು ಜೈಲಿಗೆ ಒಯ್ದರು. 2013ರ ಮಾರ್ಚ್ 28, ಪೋಪ್ ಆಗಿ ಇನ್ನೂ ಎರಡು ವಾರ. ರೋಮ್‌ನ ಕಸಾಲ್ ದೆಲ್ ಮಾರ್ಮೊ ಬಾಲಾಪರಾಧಿಗಳ ಜೈಲಿನಲ್ಲಿ ಹನ್ನೆರಡು ಮಂದಿಯ ಪಾದ ತೊಳೆದು ಮುತ್ತಿಟ್ಟರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ವಿಧಿಗ್ರಂಥದಲ್ಲಿದ್ದದ್ದು ‘ಪುರುಷರು’ ಎಂಬ ಪದ, ಸಂಪ್ರದಾಯಸ್ಥರು ಸಿಡಿಮಿಡಿಗೊಂಡರು. 2016ರ ಜನವರಿಯಲ್ಲಿ ನಿಯಮವೇ ಬದಲಾಗಿ ಹೆಂಗಸರಿಗೂ ಅಧಿಕೃತವಾಗಿ ಜಾಗ ಸಿಕ್ಕಿತು. ಅದೇ ವರ್ಷ ನಿರಾಶ್ರಿತರ ಶಿಬಿರವೊಂದರಲ್ಲಿ ತೊಳೆಸಿಕೊಂಡವರಲ್ಲಿ ಭಾರತದ ಒಬ್ಬ ಹಿಂದೂ ಕೂಡ ಇದ್ದ.

ಇದೂ ಫೋಟೊಗಾಗಿ ಮಾಡಿದ್ದಲ್ಲವೇ ಎಂದು ಕೇಳಿದವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಬೋಗುಣಿಯಲ್ಲಿ ಸಿಗುವಂಥದ್ದಲ್ಲ, 2018ರ ಚಿಲಿಯಲ್ಲಿ ಹುಡುಕಬೇಕು. ಪಾದ್ರಿಯೊಬ್ಬರ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಟ್ಟರೆಂಬ ಆರೋಪ ಹೊತ್ತ ಬಿಷಪ್ ಒಬ್ಬರನ್ನು ಫ್ರಾನ್ಸಿಸ್ ಆ ಜನವರಿಯಲ್ಲಿ ಬಹಿರಂಗವಾಗಿ ಸಮರ್ಥಿಸಿಕೊಂಡರು. ಆರೋಪವನ್ನೇ ಅಪಪ್ರಚಾರ ಎಂದರು. ನೊಂದವರು ಕೆರಳಿದರು. ಪೋಪ್ ವಿಚಾರಣೆಗೆ ತಮ್ಮ ಪ್ರತಿನಿಧಿಗಳನ್ನು ಕಳಿಸಿದರು. ವರದಿ ಓದಿ ಏಪ್ರಿಲ್‌ನಲ್ಲಿ ಚಿಲಿಯ ಬಿಷಪ್‌ಗಳಿಗೆ ಪತ್ರ ಬರೆದು, ತಾವು ಗಂಭೀರವಾಗಿ ತಪ್ಪಿದೆವೆಂದು ಒಪ್ಪಿ ಕ್ಷಮೆ ಕೇಳಿದರು. ನೊಂದವರನ್ನು ವ್ಯಾಟಿಕನ್‌ಗೆ ಕರೆಸಿ ಮಾತಾಡಿದರು. ಮೇ ತಿಂಗಳಲ್ಲಿ ರೋಮ್‌ಗೆ ಬಂದ ಚಿಲಿಯ ಬಿಷಪ್‌ಗಳೆಲ್ಲ ಒಟ್ಟಾಗಿ ರಾಜೀನಾಮೆ ಮುಂದಿಟ್ಟರು. ಆಡಿದ ಮಾತನ್ನು ನುಂಗಿಕೊಳ್ಳುವುದು ಮಂಡಿಯೂರುವುದಕ್ಕಿಂತ ಕಷ್ಟದ ಕೆಲಸ. ಅದಕ್ಕೆ ಯಾವ ವಿಧಿಗ್ರಂಥವೂ ಇಲ್ಲ, ಯಾರೂ ಮೊದಲೇ ಬಂದು ಕೊಳೆ ತೊಳೆದಿಟ್ಟು ಹೋಗುವುದೂ ಇಲ್ಲ.

ಫ್ರಾನ್ಸಿಸ್‌ಗೆ ಮಂಡಿಯೂರುವುದೂ ಕೊನೆಗೆ ಆಗದಾಯಿತು. 2024ರಲ್ಲಿ ರೋಮ್‌ನ ರೆಬಿಬ್ಬಿಯ ಮಹಿಳಾ ಜೈಲಿನಲ್ಲಿ ಹನ್ನೆರಡು ಹೆಂಗಸರನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಗಾಲಿಕುರ್ಚಿಯಲ್ಲಿ ಕೂತೇ ತೊಳೆದರು. 2025ರ ಏಪ್ರಿಲ್ 17ರಂದು, ನ್ಯುಮೋನಿಯಾದಿಂದ ಇನ್ನೂ ಪೂರ್ತಿ ಚೇತರಿಸಿಕೊಳ್ಳದೆ, ರೆಜೀನಾ ಚೇಲಿ ಜೈಲಿಗೆ ಹೋಗಿ ಸುಮಾರು 70 ಕೈದಿಗಳನ್ನು ಕಂಡರು. ಪ್ರತಿವರ್ಷದಂತೆ ಈ ಸಲ ಕಾಲು ತೊಳೆಯಲಾಗುತ್ತಿಲ್ಲ, ಆದರೂ ನಿಮ್ಮ ಹತ್ತಿರ ಇರಬೇಕೆನಿಸಿ ಬಂದೆ ಎಂದರು. ನಾಲ್ಕನೇ ದಿನ ತೀರಿಕೊಂಡರು.