ಮುಳ್ಳು ಇಳಿಯಿತೆಂದು ನಂಬಿದೆ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ನಾವು ಏನನ್ನು ಪರೀಕ್ಷಿಸುತ್ತೇವೆ? ಬಣ್ಣ, ಟೈರು, ವಿಮೆಯ ಕಾಗದ, ಓಡಿದ ಕಿಲೋಮೀಟರು. ನಾನೂ ಅಷ್ಟನ್ನೇ ನೋಡಿದ್ದೆ. 10 ವರ್ಷದ ಕಾರು ಬರೀ 38 ಸಾವಿರ ಕಿ.ಮೀ. ಓಡಿದೆ ಎಂದು ತಿಳಿದಾಗ ಒಳ್ಳೆಯ ವ್ಯಾಪಾರವಾಯಿತೆಂದು ಬೀಗಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ. ಬಾಗಲಕೋಟೆಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ತಾಯಿಯನ್ನು ಕೂರಿಸಿಕೊಂಡು ಲೋಕಾಪುರಕ್ಕೆ ಹೊರಟಿದ್ದೆ. ತುಳಸಿಗೇರಿ ದಾಟುತ್ತಿದ್ದಂತೆ ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಏರಿತು. ಏ.ಸಿ. ಆರಿಸಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ತಾನಾಗಿಯೇ ಇಳಿಯಿತು. ‘ಸರಿ ಹೋತು, ಅವ್ವಾ’ ಎಂದೆ. ಕಲಾದಗಿ ಸಮೀಪಿಸುವಾಗ ಸುಟ್ಟ ವಾಸನೆ ಬಂದು ಎಂಜಿನ್ ನಿಂತಿತು.

1885ರವರೆಗೆ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿ ಈಗ ಹೆಸರಾಗಿರುವುದು ಚಿಕ್ಕು, ದಾಳಿಂಬೆಗಳಿಗೆ. ರಸ್ತೆ ಬದಿ ಹಣ್ಣು ಮಾರುತ್ತಿದ್ದ ತೋಟದ ರೈತರೊಬ್ಬರು ತಾಯಿಯನ್ನು ನೆರಳಿಗೆ ಕರೆದೊಯ್ದರು. ನಾನು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದಾಗ ಕೂಗಿದರು: ‘ತೆಗೀಬ್ಯಾಡ್ರೀ ಸಾಹೇಬ್ರ, ಮಾರಿ ಸುಡತೈತಿ!’ ಅವರ ಮಾತು ನಿಜ. ಒತ್ತಡದಲ್ಲಿರುವ ಕಾರಣ ಅಲ್ಲಿನ ದ್ರವ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದು. ಮುಚ್ಚಳ ತೆಗೆದೊಡನೆ ಉಕ್ಕಿ ಚಿಮ್ಮುತ್ತದೆ.

ಮೇಲಿನ ಹೋಸ್ ಪೈಪು ಕ್ಲಿಪ್ಪಿನ ಬಳಿ ಸೀಳಿತ್ತು. ರೈತರು ಅದನ್ನು ನೋಡಿ, ‘ನಮ್ಮ ತ್ವಾಟದ ಪೈಪೂ ಹಿಂಗ ರೀ. ಹೊರಗ ಛಲೋ ಕಾಣತೈತಿ, ಬಿಸಿಲಿಗೆ ಜೀವಾ ಹೋಗಿರತೈತಿ’ ಎಂದರು.

ಮುಳ್ಳು ಇಳಿದದ್ದೇಕೆಂದು ಆಮೇಲೆ ಮೆಕ್ಯಾನಿಕ್ ವಿವರಿಸಿದರು. ಉಷ್ಣತೆ ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳಬಲ್ಲದು. ಕೂಲಂಟ್ ಪೂರ್ತಿ ಸೋರಿಹೋದ ಮೇಲೆ ಅದರ ಸೂಚನೆಯನ್ನು ನಂಬುವಂತಿಲ್ಲ. ನಾನು ನಿರಾಳನಾಗಿ ಓಡಿಸಿದ ಆ ಕೆಲವು ನಿಮಿಷಗಳಲ್ಲೇ ಹೆಡ್ ಗ್ಯಾಸ್ಕೆಟ್ ಸುಟ್ಟು, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿತ್ತು. ಕೆಲವು ನೂರು ರೂಪಾಯಿಯ ಪೈಪನ್ನು ಬದಲಿಸದ ತಪ್ಪಿಗೆ ಹತ್ತಾರು ಸಾವಿರ ತೆತ್ತೆ.

ರಬ್ಬರು ಸವೆಯುವುದು ಓಡಿದ ದೂರದಿಂದಷ್ಟೇ ಅಲ್ಲ. ಕಳೆದ ವರ್ಷಗಳಿಂದ, ಉಂಡ ಶಾಖದಿಂದ. ಕಡಿಮೆ ಓಡಿದ ಹಳೆಯ ಕಾರಿನ ಪೈಪೂ ಹಳೆಯದೇ. ಹಳೆಯ ಕಾರು ಕೊಳ್ಳುವವರು ಎಂಜಿನ್ ತಣ್ಣಗಿರುವಾಗ ಪೈಪುಗಳನ್ನು ಹಿಚುಕಿ ನೋಡಬೇಕು. ಕಟ್ಟಿಗೆಯಂತೆ ಗಟ್ಟಿಯಾಗಿದ್ದರೆ, ಹಿಟ್ಟಿನಂತೆ ಮೆತ್ತಗಾಗಿದ್ದರೆ, ಉಬ್ಬಿದ್ದರೆ, ಕ್ಲಿಪ್ಪಿನ ಸುತ್ತ ಕಲೆ ಕಟ್ಟಿದ್ದರೆ ಬದಲಿಸುವುದೇ ಲೇಸು. ದಾರಿಯಲ್ಲಿ ಮುಳ್ಳು ಕೆಂಪಿಗೇರಿದರೆ ಕೂಡಲೇ ನಿಲ್ಲಿಸಬೇಕು. ಅದು ಮತ್ತೆ ಇಳಿಯಿತೆಂದು ಹೊರಡಬಾರದು. ಕೊಳವೆಬಾವಿಯ ಗಡಸು ನೀರು ತುಂಬಿಕೊಂಡು ತಿಂಗಳುಗಟ್ಟಲೆ ಓಡಿಸುವುದೂ ಸಲ್ಲ; ಅದರ ಲವಣ ರೇಡಿಯೇಟರಿನಲ್ಲಿ ಕಟ್ಟಿಕೊಳ್ಳುತ್ತದೆ.

ಅಂದು ಹಣ್ಣಿನ ಬುಟ್ಟಿಗಳ ನಡುವೆ ಕಪ್ಪು ಕನ್ನಡಕ ಹಾಕಿಕೊಂಡು ಎರಡು ತಾಸು ಕುಳಿತಿದ್ದ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: ‘ತಗೊಳ್ಳೂ ಮುಂದ ಒಳಗ ನೋಡಿದ್ದಿಲ್ಲೇನಪಾ?’ ಕಾರು ಎಷ್ಟು ಓಡಿದೆ ಎಂದು ಮಾರಿದವರನ್ನು ಮೂರು ಸಲ ವಿಚಾರಿಸಿದ್ದೆ. ಬಾನೆಟ್ ಎತ್ತಿಸಿ ನೋಡಿರಲಿಲ್ಲ.